ನಂಬರ್ ನಿಮ್ಮ ಆಯ್ಕೆ, ಪ್ಲೇಟ್ ಕಾನೂನಿನ ಅಳತೆ

2025ರ ಏಪ್ರಿಲ್‌ನಲ್ಲಿ ಕೇರಳದ ಎರ್ನಾಕುಲಂನಲ್ಲಿ ‘ಕೆಎಲ್ 07 ಡಿಜಿ 0007’ ಎಂಬ ನೋಂದಣಿ ಸಂಖ್ಯೆ ಆನ್‌ಲೈನ್ ಹರಾಜಿಗೆ ಬಂತು. 25 ಸಾವಿರ ರೂಪಾಯಿಯಿಂದ ಶುರುವಾದ ಕೂಗು ಏರುತ್ತಾ ಏರುತ್ತಾ 45.99 ಲಕ್ಷಕ್ಕೆ ಮುಟ್ಟಿತು. ಒಂದು ಲ್ಯಾಂಬೊರ್ಗಿನಿ ಕಾರಿಗಾಗಿ ನಡೆದ ಪೈಪೋಟಿ ಅದು. ಇಷ್ಟು ಹಣ ಕಟ್ಟಿದವರಿಗೂ ಆ ಏಳನ್ನು ತುಸು ಓರೆಯಾಗಿ ಬರೆಸುವ, ಮುಂದಿನ ಸೊನ್ನೆಗಳನ್ನು ಕಡಲೆಕಾಳಿನಷ್ಟು ಚಿಕ್ಕದಾಗಿಸುವ, ಪಕ್ಕದಲ್ಲೊಂದು ಚಿತ್ರ ಅಂಟಿಸುವ ಹಕ್ಕು ಸಿಗುವುದಿಲ್ಲ.

ನಂಬರ್ ಪ್ಲೇಟಿನ ಬಗ್ಗೆ ಜನರಲ್ಲಿರುವ ಗೊಂದಲವೆಲ್ಲ ಹುಟ್ಟುವುದು ಇಲ್ಲೇ. ಇಷ್ಟದ ಅಂಕಿಯನ್ನು ದುಡ್ಡು ಕೊಟ್ಟು ಪಡೆಯುವುದು ಪೂರ್ತಿ ಸಕ್ರಮ. ಆ ಅಂಕಿಯನ್ನು ಇಷ್ಟ ಬಂದಂತೆ ಬರೆಸಿಕೊಂಡು ಸಾರ್ವಜನಿಕ ರಸ್ತೆಗೆ ಇಳಿಯುವುದು ಅಪರಾಧ. ‘ಫ್ಯಾನ್ಸಿ ನಂಬರ್’ ಮತ್ತು ‘ಫ್ಯಾನ್ಸಿ ಪ್ಲೇಟ್’ ಎಂಬ ಎರಡು ಮಾತುಗಳು ಒಂದೇ ಉಸಿರಿನಲ್ಲಿ ಬಂದರೂ ಕಾನೂನಿನ ಕಣ್ಣಿಗೆ ಅವೆರಡೂ ಬೇರೆ ಬೇರೆ.

ಮೊದಲನೆಯದನ್ನು ನೋಡೋಣ. ಕರ್ನಾಟಕದಲ್ಲಿ ಕೆಎ ಎಂಬ ರಾಜ್ಯಸೂಚಿಯ ನಂತರ ಬರುವ ಎರಡು ಅಂಕಿ ಆರ್‌ಟಿಒ ಕಚೇರಿಯದು. 05 ಎಂದರೆ ಬೆಂಗಳೂರಿನ ಜಯನಗರ, 09 ಎಂದರೆ ಮೈಸೂರು ಪಶ್ಚಿಮ, 19 ಎಂದರೆ ಮಂಗಳೂರು, 25 ಎಂದರೆ ಧಾರವಾಡ. ಅದರ ಮುಂದಿನ ಅಕ್ಷರಗಳು ಸರಣಿಯವು. ಕೊನೆಯ ನಾಲ್ಕು ಅಂಕಿಗಳಲ್ಲಿ ಮಾತ್ರ ಮಾಲೀಕನ ಆಯ್ಕೆಗೆ ಜಾಗವಿದೆ. 1, 9, 99, 1111, 9999ರಂಥವುಗಳಿಗೆ ಬೇಡಿಕೆ ಹೆಚ್ಚಿರುವುದರಿಂದ ಸಾರಿಗೆ ಇಲಾಖೆಗಳು ಅವನ್ನು ಕಾಯ್ದಿಟ್ಟು, ಶುಲ್ಕ ನಿಗದಿ ಮಾಡಿ ಹರಾಜು ಹಾಕುತ್ತವೆ. 2019ರಲ್ಲಿ ತಿರುವನಂತಪುರದಲ್ಲಿ ‘ಕೆಎಲ್ 01 ಸಿಕೆ 1’ ಒಂದು ಪೋರ್ಷೆ ಕಾರಿಗೆಂದು 31 ಲಕ್ಷ ರೂಪಾಯಿಗೆ ಹೋಗಿತ್ತು. ಹುಟ್ಟಿದ ದಿನ, ಅಂಕಿಗಳನ್ನು ಕೂಡಿದಾಗ ಬರುವ ಅದೃಷ್ಟ ಸಂಖ್ಯೆ, ಮನೆಯ ಹಳೆಯ ಸ್ಕೂಟರಿನ ನಂಬರು, ಹೀಗೆ ಆಸೆಗೆ ನಾನಾ ಕಾರಣ. ಈ ಆಸೆಯಿಂದ ಸರ್ಕಾರದ ಬೊಕ್ಕಸಕ್ಕೆ ವರಮಾನ ಬರುತ್ತದೆ, ಯಾರಿಗೂ ತೊಂದರೆಯಿಲ್ಲ.

ತೊಂದರೆ ಶುರುವಾಗುವುದು ನಂಬರು ಕೈಗೆ ಸಿಕ್ಕ ಮೇಲೆ. 8055 ಎಂಬ ಅಂಕಿಯನ್ನು ಇಂಗ್ಲಿಷಿನಲ್ಲಿ ‘ಬಾಸ್’ ಎಂದು ಓದುವಂತೆ ತಿದ್ದಿಸುತ್ತಾರೆ. 4141ಅನ್ನು ಸ್ವಲ್ಪ ಬಾಗಿಸಿದರೆ ದೇವನಾಗರಿಯಲ್ಲಿ ‘ಪಾಪಾ’ ಆಗುತ್ತದೆ, 214ರ ಮೇಲೊಂದು ಗೆರೆ ಎಳೆದರೆ ‘ರಾಮ್’ ಆಗುತ್ತದೆ. ನಾಲ್ಕಂಕಿಯಲ್ಲಿ ಎರಡನ್ನು ದೊಡ್ಡದಾಗಿ, ಎರಡನ್ನು ಚಿಕ್ಕದಾಗಿ ಬರೆಸುವವರಿದ್ದಾರೆ. ರಸ್ತೆ ಬದಿಯ ಸ್ಟಿಕ್ಕರ್ ಅಂಗಡಿಯಲ್ಲಿ ಅರ್ಧ ಗಂಟೆಯ ಕೆಲಸ. ಅಂಗಡಿಯವನು ಆರ್‌ಸಿ ಕೇಳುವುದಿಲ್ಲ, ಗ್ರಾಹಕ ತೋರಿಸುವುದಿಲ್ಲ.

1988ರ ಮೋಟಾರು ವಾಹನ ಕಾಯ್ದೆಯ 39ನೇ ಕಲಮು ಹೇಳುವುದು ಎರಡು ಮಾತು. ವಾಹನ ನೋಂದಣಿಯಾಗಿರಬೇಕು, ಆ ನೋಂದಣಿ ಸಂಖ್ಯೆಯನ್ನು ನಿಗದಿತ ರೀತಿಯಲ್ಲೇ ಪ್ರದರ್ಶಿಸಬೇಕು. ‘ನಿಗದಿತ ರೀತಿ’ ಯಾವುದು ಎಂಬುದನ್ನು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 50 ಮತ್ತು 51ನೇ ನಿಯಮಗಳು ಬಿಡಿಸಿ ಹೇಳುತ್ತವೆ. ಕಾರಿನ ಮುಂದೆ ಮತ್ತು ಹಿಂದೆ ಪ್ರತಿ ಅಕ್ಷರ, ಪ್ರತಿ ಅಂಕಿ 65 ಮಿಲಿಮೀಟರ್ ಎತ್ತರ ಇರಬೇಕು. ಗೆರೆಯ ದಪ್ಪ 10 ಮಿಲಿಮೀಟರ್, ನಡುವಿನ ತೆರಪು 10 ಮಿಲಿಮೀಟರ್. ಮೋಟಾರ್ ಸೈಕಲ್ಲಿನ ಮುಂಭಾಗದಲ್ಲಿ ಎತ್ತರ 30, ಹಿಂಭಾಗದಲ್ಲಿ ಅಕ್ಷರಕ್ಕೆ 35, ಅಂಕಿಗೆ 40 ಮಿಲಿಮೀಟರ್. ಫಲಕದ ಅಳತೆಯೂ ಗೊತ್ತುಪಡಿಸಿದ್ದೇ. ಕಾರಿಗೆ 500ಕ್ಕೆ 120 ಮಿಲಿಮೀಟರಿನ ಉದ್ದ ಫಲಕ, ಇಲ್ಲವೇ 340ಕ್ಕೆ 200 ಮಿಲಿಮೀಟರಿನದು. ಅಲಂಕಾರದ ಅಕ್ಷರಗಳಿಗೆ ಅವಕಾಶವಿಲ್ಲ. ಹೆಸರು, ಚಿತ್ರ, ಲಾಂಛನ ಯಾವುದೂ ಫಲಕದ ಮೇಲೆ ಬರುವಂತಿಲ್ಲ.

ಕನ್ನಡಿಗರ ಮನಸ್ಸಿಗೆ ಹತ್ತಿರವಾದ ಪ್ರಶ್ನೆಯೊಂದು ಇಲ್ಲಿ ಎದುರಾಗುತ್ತದೆ. ಕೆಎ ಎಂಬುದನ್ನು ಕನ್ನಡದಲ್ಲಿ ಬರೆಸಿ, ಪಕ್ಕದಲ್ಲಿ ಕನ್ನಡ ಅಂಕಿಗಳನ್ನು ಹಾಕಿಸಿಕೊಂಡ ಬೈಕು, ಆಟೊ, ಕಾರುಗಳು ರಾಜ್ಯದ ಉದ್ದಗಲಕ್ಕೂ ಕಾಣುತ್ತವೆ. ಭಾಷೆಯ ಮೇಲಿನ ಪ್ರೀತಿಯಿಂದಲೇ ಹಾಗೆ ಮಾಡಿಸಿದವರು ಬಹಳ ಮಂದಿ. ಆದರೆ ನಿಯಮ ಸ್ಪಷ್ಟವಾಗಿದೆ: ನೋಂದಣಿ ಸಂಖ್ಯೆಯ ಅಕ್ಷರಗಳು ಇಂಗ್ಲಿಷಿನಲ್ಲಿ, ಅಂಕಿಗಳು ಅರೇಬಿಕ್ ಅಂಕಿಗಳಲ್ಲಿ ಇರಬೇಕು. ಇದೇ ಮಾತು ಮರಾಠಿಗೂ ತಮಿಳಿಗೂ ಹಿಂದಿಗೂ ಅನ್ವಯಿಸುತ್ತದೆ. ಹುಬ್ಬಳ್ಳಿಯ ಲಾರಿ ಒಡಿಶಾದ ಹೆದ್ದಾರಿಯಲ್ಲಿ ಯಾರಿಗಾದರೂ ಗುದ್ದಿ ಹೋದರೆ ಅಲ್ಲಿನ ದಾರಿಹೋಕ ಅದರ ನಂಬರು ಓದಬೇಕು. ಒಡಿಯಾ ಅಂಕಿಯ ಲಾರಿ ಹುಬ್ಬಳ್ಳಿಗೆ ಬಂದರೆ ಇಲ್ಲಿಯವರಿಗೂ ಓದಲು ಬರಬೇಕು. ಮುಂದೆ ಕನ್ನಡದ ಫಲಕ, ಹಿಂದೆ ಇಂಗ್ಲಿಷಿನದು ಎಂಬ ಹೊಂದಾಣಿಕೆಗೂ ನಿಯಮದಲ್ಲಿ ಎಡೆಯಿಲ್ಲ, ಏಕೆಂದರೆ ಅದು ಎರಡೂ ಬದಿಯ ಫಲಕಗಳಿಗೆ ಅನ್ವಯಿಸುತ್ತದೆ. ಫಲಕದ ನಾಲ್ಕು ಅಂಚಿನೊಳಗೆ ನೋಂದಣಿ ಸಂಖ್ಯೆಯಲ್ಲದೆ ಬೇರೆ ಬರಹ ಕೂಡದು.

‘ಪ್ರೆಸ್’, ‘ಪೊಲೀಸ್’, ‘ಭಾರತ ಸರ್ಕಾರ’, ಸಂಘದ ಅಧ್ಯಕ್ಷರು, ನಿಗಮದ ಸದಸ್ಯರು ಎಂದು ಫಲಕದ ಮೇಲೆಯೇ ಬರೆಸಿಕೊಳ್ಳುವುದು ಇನ್ನೊಂದು ಬಗೆ. ಇದರಲ್ಲಿ ಶೋಕಿಗಿಂತ ಹೆಚ್ಚಾಗಿ ತಡೆದು ಕೇಳಬೇಡಿ ಎಂಬ ಸೂಚನೆ ಇರುತ್ತದೆ. ಆದರೆ ಈ ವಿಷಯದಲ್ಲಿ ದೇಶದ ಅತ್ಯುನ್ನತ ಹುದ್ದೆಗೂ ವಿನಾಯಿತಿ ಉಳಿದಿಲ್ಲ. ಹಿಂದೆ ರಾಷ್ಟ್ರಪತಿ, ಉಪರಾಷ್ಟ್ರಪತಿ, ರಾಜ್ಯಪಾಲರ ಕಾರುಗಳಲ್ಲಿ ನಂಬರಿನ ಜಾಗದಲ್ಲಿ ರಾಷ್ಟ್ರಲಾಂಛನ ಮಾತ್ರ ಇರುತ್ತಿತ್ತು. ಇಂಥ ಕಾರು ಅಪಘಾತ ಮಾಡಿದರೆ ಗುರುತಿಸುವುದು ಹೇಗೆ ಎಂದು ಪ್ರಶ್ನಿಸಿ ಸಾರ್ವಜನಿಕ ಹಿತಾಸಕ್ತಿ ಅರ್ಜಿಯೊಂದು ದೆಹಲಿ ಹೈಕೋರ್ಟಿಗೆ ಹೋಯಿತು. ಆ ವಾಹನಗಳೂ ನೋಂದಣಿಯಾಗಬೇಕು, ಸಂಖ್ಯೆಯನ್ನು ಕಾಣುವಂತೆ ಹಾಕಬೇಕು ಎಂದು 2018ರಲ್ಲಿ ನ್ಯಾಯಾಲಯ ಹೇಳಿತು. ಹೀಗಿರುವಾಗ ವಾರ್ಡ್ ಮಟ್ಟದ ಪದಾಧಿಕಾರಿಯ ಫಲಕಕ್ಕೆ ಬೇರೆ ನ್ಯಾಯ ಇರಲಾರದು.

ನಂಬರು ಓದಲು ಬಂದರಷ್ಟೇ ಸಾಲದು, ಅದು ಆ ವಾಹನದ್ದೇ ಎಂಬುದಕ್ಕೆ ಖಾತರಿಯೂ ಬೇಕು. 2021ರ ಫೆಬ್ರುವರಿ 25ರಂದು ಮುಂಬೈನಲ್ಲಿ ಉದ್ಯಮಿ ಮುಕೇಶ್ ಅಂಬಾನಿ ಅವರ ಮನೆ ‘ಆಂಟಿಲಿಯಾ’ದ ಬಳಿ ಜಿಲೆಟಿನ್ ಕಡ್ಡಿಗಳಿದ್ದ ಸ್ಕಾರ್ಪಿಯೊ ಸಿಕ್ಕಿದಾಗ ಅದರ ಮೇಲಿದ್ದದ್ದು ನಕಲಿ ಫಲಕ. ಒಳಗೆ ಇನ್ನಷ್ಟು ಫಲಕಗಳಿದ್ದವು. ಮುಂದಿನ ತಿಂಗಳು ರಾಷ್ಟ್ರೀಯ ತನಿಖಾ ದಳದವರು ಮುಳುಗುಗಾರರನ್ನು ಮಿಠಿ ನದಿಗೆ ಇಳಿಸಿದಾಗ ಕಂಪ್ಯೂಟರ್ ಭಾಗಗಳ ಜೊತೆಗೆ ಒಂದೇ ನಂಬರಿನ ಎರಡು ಫಲಕಗಳು ಮೇಲೆ ಬಂದವು. ಅವು ಬೇರೊಬ್ಬರ ಕಳುವಾಗಿದ್ದ ಕಾರಿನವು. ಫಲಕ ಬದಲಿಸುವುದು ಎಷ್ಟು ಸುಲಭವಾಗಿತ್ತು, ಅದರಿಂದ ತನಿಖೆ ಎಷ್ಟು ದಾರಿ ತಪ್ಪಬಲ್ಲದು ಎಂಬುದಕ್ಕೆ ಇಷ್ಟು ಸಾಕು.

ಈ ಅಪಾಯವನ್ನು ಊಹಿಸಿಯೇ ಕೇಂದ್ರ ಸರ್ಕಾರ 2001ರಲ್ಲಿ ನಿಯಮ 50ಕ್ಕೆ ತಿದ್ದುಪಡಿ ತಂದು ಅತಿ ಸುರಕ್ಷಿತ ನೋಂದಣಿ ಫಲಕವನ್ನು ಕಡ್ಡಾಯ ಮಾಡಿತ್ತು. ಜನರ ಬಾಯಲ್ಲಿ ಈಗ ಎಚ್‌ಎಸ್‌ಆರ್‌ಪಿ ಎಂದೇ ಹೆಸರಾಗಿರುವುದು ಇದೇ. ಟೆಂಡರು ತಕರಾರುಗಳು ಸುಪ್ರೀಂ ಕೋರ್ಟಿನವರೆಗೆ ಹೋದವು. ರಾಜ್ಯಗಳು ವರ್ಷಗಟ್ಟಲೆ ತಡ ಮಾಡಿದವು. ವಿಳಂಬಕ್ಕಾಗಿ ನ್ಯಾಯಾಲಯ ರಾಜ್ಯಗಳನ್ನು ತರಾಟೆಗೆ ತೆಗೆದುಕೊಂಡದ್ದೂ ಆಯಿತು. ಕೊನೆಗೆ 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆಲ್ಲ ಮಾರಾಟಗಾರರೇ ಈ ಫಲಕ ಅಳವಡಿಸಿ ಕೊಡುವ ಪದ್ಧತಿ ಬಂತು.

ಈ ಫಲಕ ಒಂದು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಹಾಳೆ. ಎಡಬದಿಯ ಮೇಲ್ಭಾಗದಲ್ಲಿ 20 ಮಿಲಿಮೀಟರ್ ಚೌಕದ ಕ್ರೋಮಿಯಂ ಹೊಲೊಗ್ರಾಂ, ಅದರಲ್ಲಿ ಅಶೋಕ ಚಕ್ರ. ಅದರ ಕೆಳಗೆ ನೀಲಿ ಬಣ್ಣದಲ್ಲಿ ಐಎನ್‌ಡಿ ಎಂಬ ಅಕ್ಷರಗಳು. ಇನ್ನೂ ಕೆಳಗೆ ಲೇಸರಿನಿಂದ ಕೊರೆದ ಒಂದು ಸಂಖ್ಯೆ, ಪ್ರತಿ ಫಲಕಕ್ಕೂ ಅದು ಬೇರೆ. ಅಕ್ಷರಗಳನ್ನು ಉಬ್ಬಾಗಿ ಒತ್ತಿ, ಅವುಗಳ ಮೇಲೆ ‘ಇಂಡಿಯಾ’ ಎಂಬ ಸಣ್ಣ ಬರಹ ಓರೆಯಾಗಿ ಮೂಡಿರುವ ಫಿಲ್ಮನ್ನು ಬಿಸಿಯಿಂದ ಅಂಟಿಸಿರುತ್ತಾರೆ. ವಾಹನಕ್ಕೆ ಜೋಡಿಸುವುದು ಒಮ್ಮೆ ಹಾಕಿದರೆ ಮುರಿಯದೆ ತೆಗೆಯಲಾಗದ ಲಾಕಿನಿಂದ. ಕಾರುಗಳಿಗೆ ಇದರ ಜೊತೆಗೆ ಮುಂಗಾಜಿನ ಒಳಗಡೆ, ಎಡ ಮೇಲ್ಮೂಲೆಯಲ್ಲಿ ಅಂಟಿಸುವ ಸ್ಟಿಕ್ಕರ್ ಒಂದು ಮೂರನೆಯ ನೋಂದಣಿ ಗುರುತಾಗಿ ಇದೆ. ಪೆಟ್ರೋಲ್ ಮತ್ತು ಸಿಎನ್‌ಜಿ ಗಾಡಿಗೆ ತಿಳಿ ನೀಲಿ, ಡೀಸೆಲ್‌ಗೆ ಕೇಸರಿ, ಉಳಿದವಕ್ಕೆ ಬೂದು. ಎರಡೂ ಫಲಕಗಳ ಲೇಸರ್ ಸಂಖ್ಯೆ ಈ ಸ್ಟಿಕ್ಕರಿನಲ್ಲಿ ಇರುತ್ತದೆ. ಕಳ್ಳ ಫಲಕ ಬದಲಿಸಿದರೂ ಗಾಜು ನಿಜ ಹೇಳುತ್ತದೆ. ಕಿತ್ತು ಹಾಕಲು ಹೋದರೆ ಸ್ಟಿಕ್ಕರ್ ಹರಿದು ಹಾಳಾಗುತ್ತದೆ.

ಕರ್ನಾಟಕದಲ್ಲಿ 2019ರ ಏಪ್ರಿಲ್‌ಗಿಂತ ಮೊದಲು ನೋಂದಣಿಯಾದ ವಾಹನಗಳಿಗೂ ಇದನ್ನು ಕಡ್ಡಾಯ ಮಾಡಿ ಸಾರಿಗೆ ಇಲಾಖೆ 2023ರ ಆಗಸ್ಟ್‌ನಲ್ಲಿ ಅಧಿಸೂಚನೆ ಹೊರಡಿಸಿತು. ಮೊದಲ ಗಡುವು 2023ರ ನವೆಂಬರ್ 17. ಅದು 2024ರ ಫೆಬ್ರುವರಿ 17 ಆಯಿತು, ನಂತರ ಮೇ 31 ಆಯಿತು, ಆಮೇಲೂ ಮುಂದಕ್ಕೆ ಹೋಯಿತು. ಪ್ರತಿ ಗಡುವಿನ ಹಿಂದಿನ ವಾರ ನೂಕುನುಗ್ಗಲು, ವಿಸ್ತರಣೆಯ ಸುದ್ದಿ ಬಂದ ಮರುದಿನ ನಿರಾಳ. ಈ ಎಳೆದಾಟದ ನಡುವೆ ಸ್ಟಿಕ್ಕರ್ ಅಂಗಡಿಗಳಲ್ಲಿ ಐಎನ್‌ಡಿ ಎಂದು ಅಚ್ಚಾದ, ನೋಡಲು ಅಸಲಿಯಂತೆಯೇ ಇರುವ ಫಲಕಗಳು ಮಾರಾಟಕ್ಕೆ ಬಂದವು. ಲೇಸರ್ ಸಂಖ್ಯೆ ಇಲ್ಲದ, ಇದ್ದರೂ ‘ವಾಹನ್’ ಎಂಬ ಸರ್ಕಾರಿ ನೋಂದಣಿ ದತ್ತಾಂಶದಲ್ಲಿ ದಾಖಲಾಗದ ಇಂಥ ಫಲಕ ಕಾನೂನಿನ ಪ್ರಕಾರ ಎಚ್‌ಎಸ್‌ಆರ್‌ಪಿ ಅಲ್ಲ. ಸಾರಿಗೆ ಇಲಾಖೆಯ ಅಥವಾ ವಾಹನ ತಯಾರಕರ ಒಕ್ಕೂಟ ಸಿಯಾಮ್‌ನ ಜಾಲತಾಣದ ಮೂಲಕ ಕಾಯ್ದಿರಿಸಿ, ಅಧಿಕೃತ ಡೀಲರ್ ಬಳಿ ಹಾಕಿಸಿಕೊಂಡದ್ದಕ್ಕೆ ಮಾತ್ರ ಮಾನ್ಯತೆ.

ಈಗ ನಂಬರು ಓದುವವರಲ್ಲಿ ಮನುಷ್ಯರಷ್ಟೇ ಇಲ್ಲ. 2022ರ ಡಿಸೆಂಬರ್‌ನಲ್ಲಿ ಬೆಂಗಳೂರಿನ 50 ಜಂಕ್ಷನ್‌ಗಳಲ್ಲಿ ನಂಬರ್ ಪ್ಲೇಟ್ ಗುರುತಿಸುವ ಕ್ಯಾಮೆರಾಗಳ ಸಂಚಾರ ನಿರ್ವಹಣಾ ವ್ಯವಸ್ಥೆ ಶುರುವಾಯಿತು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲೂ ಇಂಥ ಕ್ಯಾಮೆರಾಗಳಿವೆ. ಇಂಥ ಕ್ಯಾಮೆರಾಗಳಲ್ಲಿ ಬಹಳಷ್ಟು ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಫಲಕದ ಮೇಲೆ ಬಿಡುತ್ತವೆ. ಫಲಕದ ಹಿನ್ನೆಲೆ ಆ ಬೆಳಕನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುತ್ತದೆ, ಕಪ್ಪು ಅಕ್ಷರ ಕಳಿಸುವುದಿಲ್ಲ. ಆ ವ್ಯತ್ಯಾಸದಿಂದಲೇ ರಾತ್ರಿಯೂ ಅಂಕಿ ಸ್ಪಷ್ಟವಾಗಿ ಮೂಡುತ್ತದೆ. ಫಲಕದ ಮೇಲೆ ಹೊಗೆ ಬಣ್ಣದ ಅಕ್ರಿಲಿಕ್ ಹೊದಿಕೆ ಹಾಕಿದರೆ ಅಥವಾ ಎಂಟನ್ನು ಇಂಗ್ಲಿಷಿನ ಬಿ ಅಕ್ಷರದಂತೆ ಬಾಗಿಸಿದರೆ ಯಂತ್ರ ತಪ್ಪು ಓದುತ್ತದೆ. ಆಗ ಒಬ್ಬರು ಕೆಂಪು ದೀಪ ದಾಟಿದ್ದಕ್ಕೆ ಇನ್ನಾರದೋ ಮೊಬೈಲಿಗೆ ಚಲನ್ ಹೋಗುತ್ತದೆ. ಕ್ಯಾಮೆರಾಕ್ಕೆ ಸಿಗಬಾರದೆಂದು ಬೇಕೆಂದೇ ಒಂದು ಅಂಕಿಯನ್ನು ಮುಚ್ಚುವವರು, ತಿದ್ದುವವರು, ಇನ್ನೊಬ್ಬರ ನಂಬರನ್ನೇ ಹಾಕಿಕೊಳ್ಳುವವರು ಇದ್ದಾರೆ. ಇಂಥವರ ಮೇಲೆ ಬೆಂಗಳೂರಿನ ಪೊಲೀಸರು ದಂಡಕ್ಕಷ್ಟೇ ನಿಲ್ಲದೆ ವಂಚನೆಯ ಪ್ರಕರಣ ದಾಖಲಿಸಿದ ಉದಾಹರಣೆಗಳಿವೆ.

ಚಲನ್ ಗೋಜಲನ್ನು ಹೇಗೋ ಬಗೆಹರಿಸಿಕೊಳ್ಳಬಹುದು. ಓದಲಾಗದ ಫಲಕದ ನಿಜವಾದ ಬೆಲೆ ತೆರುವವರು ಬೇರೆಯೇ ಇದ್ದಾರೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 30,486 ಮಂದಿ ಗುದ್ದಿ ಪರಾರಿಯಾದ ಪ್ರಕರಣಗಳಲ್ಲಿ ಜೀವ ಕಳೆದುಕೊಂಡವರು. ಗುದ್ದಿದ ವಾಹನ ಯಾವುದೆಂದು ಗೊತ್ತಾದರೆ ಮೃತರ ಕುಟುಂಬ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬಹುದು. ಅಲ್ಲಿ ಮೃತರ ವಯಸ್ಸು, ಸಂಪಾದನೆ, ಅವರನ್ನೇ ನಂಬಿದ್ದವರ ಸಂಖ್ಯೆ ಎಲ್ಲವನ್ನೂ ಲೆಕ್ಕ ಹಾಕಿ ಪರಿಹಾರ ನಿರ್ಧಾರವಾಗುತ್ತದೆ, ವಿಮಾ ಕಂಪನಿ ಅದನ್ನು ಕೊಡುತ್ತದೆ. ದುಡಿಯುವ ವಯಸ್ಸಿನವರಾಗಿದ್ದರೆ ಆ ಮೊತ್ತ ಹತ್ತಾರು ಲಕ್ಷ ಆಗಬಹುದು.

ವಾಹನ ಯಾವುದೆಂದು ತಿಳಿಯದಿದ್ದರೆ ಈ ಬಾಗಿಲು ಮುಚ್ಚುತ್ತದೆ. ಆಗ ಉಳಿಯುವುದು ಕಾಯ್ದೆಯ 161ನೇ ಕಲಮಿನ ನಿಗದಿತ ಪರಿಹಾರ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಯೋಜನೆಯಂತೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ. ಅದಕ್ಕೂ ಮೊದಲು ಇದು ಕ್ರಮವಾಗಿ 25 ಸಾವಿರ ಮತ್ತು 12,500 ಇತ್ತು. ಮನೆ ನಡೆಸುತ್ತಿದ್ದ ಒಬ್ಬ ತಾಯಿ ಅಥವಾ ತಂದೆ ಹೋದ ಮೇಲೆ ಮಕ್ಕಳ ಓದು, ಮನೆ ಬಾಡಿಗೆ, ಸಾಲದ ಕಂತು ಇವೆಲ್ಲ ಆ 2 ಲಕ್ಷದಲ್ಲಿ ಮುಗಿಯಬೇಕು. ಕತ್ತಲಲ್ಲಿ, ಭಯದಲ್ಲಿ, ಎರಡು ಮೂರು ಸೆಕೆಂಡಿನಲ್ಲಿ ಒಬ್ಬ ಪ್ರತ್ಯಕ್ಷದರ್ಶಿ ಆ ನಾಲ್ಕು ಅಂಕಿಗಳನ್ನು ಓದಿ ನೆನಪಿಟ್ಟುಕೊಂಡನೇ ಎಂಬುದರ ಮೇಲೆ ಒಂದು ಸಂಸಾರದ ಮುಂದಿನ ದಿನಗಳು ನಿಂತಿರುತ್ತವೆ. 65 ಮಿಲಿಮೀಟರಿನ ಹಟ ಕಾನೂನಿಗೆ ಬಂದದ್ದು ಇದಕ್ಕಾಗಿಯೇ. ಸ್ಟಿಕ್ಕರ್ ಅಂಗಡಿಯಲ್ಲಿ ಅಂಕಿಯನ್ನು ಸೊಟ್ಟ ಮಾಡಿಸುವಾಗ ಯಾರಿಗೂ ಈ ಯೋಚನೆ ಬರುವುದಿಲ್ಲ, ಬರಬೇಕು.

ಬಣ್ಣದ ವಿಷಯವೂ ಇದರದೇ ಭಾಗ. ಸ್ವಂತ ಬಳಕೆಯ ಗಾಡಿಗೆ ಬಿಳಿಯ ಮೇಲೆ ಕಪ್ಪು, ಬಾಡಿಗೆ ಗಾಡಿಗೆ ಹಳದಿಯ ಮೇಲೆ ಕಪ್ಪು. ವಿದ್ಯುತ್ ವಾಹನಕ್ಕೆ ಹಸಿರು ಹಿನ್ನೆಲೆ, ಸ್ವಂತದ್ದಾದರೆ ಬಿಳಿ ಅಕ್ಷರ, ಬಾಡಿಗೆಯದ್ದಾದರೆ ಹಳದಿ. ಗ್ರಾಹಕರೇ ಓಡಿಸಲು ಬಾಡಿಗೆಗೆ ಕೊಡುವ ಕಾರಿಗೆ ಕಪ್ಪಿನ ಮೇಲೆ ಹಳದಿ, ರಾಯಭಾರ ಕಚೇರಿಗಳದಕ್ಕೆ ನೀಲಿಯ ಮೇಲೆ ಬಿಳಿ. ಅಂದಕ್ಕೆಂದು ಬಿಳಿ ಫಲಕವನ್ನು ಕಪ್ಪು ಮಾಡಿಸಿಕೊಂಡವರು ದಾಖಲೆಯಲ್ಲಿ ಇಲ್ಲದ ವರ್ಗವೊಂದನ್ನು ಹೊತ್ತು ತಿರುಗುತ್ತಾರೆ. ರಾಜ್ಯದಿಂದ ರಾಜ್ಯಕ್ಕೆ ವರ್ಗವಾಗುವ ನೌಕರರಿಗಾಗಿ 2021ರಲ್ಲಿ ಬಂದ ಬಿಎಚ್ ಸರಣಿಯಲ್ಲಿ ನೋಂದಣಿಯ ವರ್ಷ ಮೊದಲು ಬರುತ್ತದೆ, ಅಂಕಿಯನ್ನು ಕಂಪ್ಯೂಟರೇ ಕೊಡುತ್ತದೆ. ಐವತ್ತು ವರ್ಷ ದಾಟಿದ ವಿಂಟೇಜ್ ವಾಹನಗಳಿಗೂ ಅದೇ ವರ್ಷ ವಿಎ ಎಂಬ ಪ್ರತ್ಯೇಕ ಗುರುತು ಬಂದಿದೆ.

ಹೊರದೇಶಗಳಲ್ಲಿ ಆಯ್ಕೆಯ ಅವಕಾಶ ಹೆಚ್ಚು, ಬರಹದ ಶಿಸ್ತೂ ಅಷ್ಟೇ ಬಿಗಿ. ಬ್ರಿಟನ್ನಿನಲ್ಲಿ ವಾಹನ ನೋಂದಣಿ ಸಂಸ್ಥೆ 1989ರಿಂದ ಇಷ್ಟದ ನಂಬರುಗಳನ್ನು ಮಾರುತ್ತಿದೆ. 2014ರಲ್ಲಿ ‘25 ಒ’ ಎಂಬುದು 5,18,480 ಪೌಂಡಿಗೆ ಹೋಯಿತು. ಆದರೆ ಅಲ್ಲಿ ಅಕ್ಷರಗಳ ನಡುವಿನ ತೆರಪನ್ನು ಹೆಸರಿನಂತೆ ಕಾಣಲೆಂದು ಹಿಂದೆ ಮುಂದೆ ಮಾಡಿದರೂ 1,000 ಪೌಂಡಿನವರೆಗೆ ದಂಡ. ಹಳೆಯ ಕಾರು ಹೊಸದೆಂದು ತೋರುವಂಥ ನಂಬರನ್ನು ಹಾಕುವಂತಿಲ್ಲ. ಫಲಕ ತಯಾರಿಸುವ ಅಂಗಡಿಯೇ ನೋಂದಣಿ ಮಾಡಿಸಿಕೊಂಡಿರಬೇಕು, ಗ್ರಾಹಕನ ಗುರುತಿನ ಚೀಟಿ ಮತ್ತು ವಾಹನದ ದಾಖಲೆ ನೋಡಿಯೇ ಮಾಡಿಕೊಡಬೇಕು. ಅಬುಧಾಬಿಯಲ್ಲಿ 2008ರಲ್ಲಿ ‘1’ ಎಂಬ ನಂಬರು 5.22 ಕೋಟಿ ದಿರ್ಹಮಿಗೆ, ದುಬೈನಲ್ಲಿ 2023ರಲ್ಲಿ ‘ಪಿ 7’ 5.5 ಕೋಟಿ ದಿರ್ಹಮಿಗೆ ಹರಾಜಾದವು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪದಗಳನ್ನೇ ಆರಿಸಿಕೊಳ್ಳಬಹುದು. ಅಲ್ಲಿನ ಕಂಪ್ಯೂಟರ್ ಭದ್ರತಾ ತಜ್ಞರೊಬ್ಬರು ‘ಏನೂ ಇಲ್ಲ’ ಎಂಬರ್ಥದ ‘ನಲ್’ ಎಂಬ ಪದವನ್ನು ಪಡೆದುಕೊಂಡರು. ನಂಬರಿನ ಜಾಗ ಖಾಲಿ ಉಳಿದಿದ್ದ ಬೇರೆಯವರ ದಂಡಗಳೆಲ್ಲ ಅವರ ಹೆಸರಿಗೆ ಬಂದು ಬಿದ್ದು 12,000 ಡಾಲರ್ ದಾಟಿತು.

ಭಾರತದಲ್ಲಿ ದೋಷದ ಫಲಕಕ್ಕೆ ಕಾಯ್ದೆಯ 177ನೇ ಕಲಮಿನಡಿ ಮೊದಲ ಸಲ 500, ಮರುಕಳಿಸಿದರೆ 1,500 ರೂಪಾಯಿವರೆಗೆ ದಂಡವಿದೆ. 39ನೇ ಕಲಮಿನ ಉಲ್ಲಂಘನೆ ಎಂದು ದಾಖಲಾದರೆ 192ನೇ ಕಲಮಿನಡಿ ಮೊದಲ ಸಲ 2,000ದಿಂದ 5,000 ರೂಪಾಯಿ, ಮತ್ತೆ ಮಾಡಿದರೆ 5,000ದಿಂದ 10,000 ರೂಪಾಯಿ ದಂಡ ಅಥವಾ ಒಂದು ವರ್ಷದವರೆಗೆ ಸೆರೆವಾಸ. ವಾಹನವನ್ನು ವಶಪಡಿಸಿಕೊಳ್ಳುವ ಅಧಿಕಾರವೂ ಪೊಲೀಸರಿಗಿದೆ. ಬೈಕಿನವನನ್ನು ನಿಲ್ಲಿಸಿ ದಂಡ ಹಾಕುವುದು ಸುಲಭ. ದಾಖಲೆ ಕೇಳದೆ ಯಾವ ನಂಬರನ್ನಾದರೂ ಬರೆದುಕೊಡುವ ಅಂಗಡಿಗಳ ಮೇಲೂ, ಫಲಕದಲ್ಲಿ ಹುದ್ದೆ ಬರೆಸಿಕೊಂಡ ಕಾರುಗಳ ಮೇಲೂ ಅದೇ ಕಟ್ಟುನಿಟ್ಟು ಬಂದರೆ ಜನ ನಿಯಮವನ್ನು ನಂಬುತ್ತಾರೆ.

ವಾಹನ ಮಾಲೀಕರು ಮಾಡಬೇಕಾದ್ದು ಹೆಚ್ಚೇನಿಲ್ಲ. ಫಲಕದ ಎಡಬದಿಯಲ್ಲಿ ಚಕ್ರದ ಹೊಲೊಗ್ರಾಂ ಮತ್ತು ಲೇಸರ್ ಸಂಖ್ಯೆ ಇದೆಯೇ ನೋಡಬೇಕು. ಮೇಲೆ ಹಾಕಿಸಿದ ಅಕ್ರಿಲಿಕ್ ಹೊದಿಕೆ, ಅಂಕಿಯನ್ನು ಮುಚ್ಚುವ ಫ್ರೇಮು ಇದ್ದರೆ ತೆಗೆಸಬೇಕು. ಅಪಘಾತದಲ್ಲಿ ಫಲಕ ಮುರಿದರೆ ಅಂಗಡಿಯಲ್ಲಿ ಹೊಸದು ಬರೆಸದೆ, ಅಧಿಕೃತ ಜಾಲತಾಣದ ಮೂಲಕವೇ ಬದಲಿ ಪಡೆಯಬೇಕು. ಕಳುವಾದರೆ ಮೊದಲು ಪೊಲೀಸರಿಗೆ ದೂರು ಕೊಡಬೇಕು, ಬದಲಿ ಫಲಕಕ್ಕೆ ಆ ದೂರಿನ ಪ್ರತಿ ಬೇಕಾಗುತ್ತದೆ. ಹೋಗದ ಊರಿನಿಂದ ಚಲನ್ ಬಂದರೆ ಸಣ್ಣ ಮೊತ್ತವೆಂದು ಕಟ್ಟಿ ಸುಮ್ಮನಾಗಬಾರದು. ಚಲನ್‌ನಲ್ಲಿರುವ ಚಿತ್ರದ ಗಾಡಿಯ ಮಾದರಿ, ಬಣ್ಣ ತಮ್ಮದೇ ಎಂದು ನೋಡಿ, ಅಲ್ಲವಾದರೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಬೇಕು. ಅದೇ ನಂಬರಿನ ಇನ್ನೊಂದು ಗಾಡಿ ನಾಳೆ ಅಪಘಾತ ಮಾಡಿದರೆ ಪೊಲೀಸರು ಮೊದಲು ಬರುವುದು ದಾಖಲೆಯಲ್ಲಿರುವ ಮಾಲೀಕರ ಮನೆಗೇ. ಆಗ ಕೈಯಲ್ಲಿರುವ ಆ ಸ್ವೀಕೃತಿ ಪತ್ರ ಅವರ ನೆರವಿಗೆ ಬರುತ್ತದೆ.